ಹನ್ನೆರಡನೇ ಸಾಲಿನ ದ್ರಾಕ್ಷಿ

ಪ್ರೀತಿಯ ಗುರುಸಿದ್ದಕ್ಕನಿಗೆ,

ಮೊನ್ನೆ ನಾನು ಬನ್ನೂರಿಗೆ ಬಂದಿದ್ದು ಒಂದು ಮಾತು ಹೇಳುವುದಕ್ಕೆ. ನಿಮ್ಮ ಮಗಳು ಭಾನುಪ್ರಿಯಾ ಕೊಟ್ಟ ಮಜ್ಜಿಗೆ ಕುಡಿದು, ಅದನ್ನು ಹೇಳದೆಯೇ ಬಸ್ಸು ಹತ್ತಿದೆ. ಈಗ ಬರೆಯುತ್ತಿದ್ದೇನೆ. ಮೊಮ್ಮಗಳು ಮಧುಶ್ರೀ ಓದಿ ಹೇಳಲಿ.

ಬಿಳಿಗೆರೆ ಹತ್ತಿರದ ನಮ್ಮ ಸಂಶೋಧನಾ ತೋಟಕ್ಕೆ ನೀವು ಕಳೆ ಕೀಳಲು ಬಂದವರು. ಬೀಜವಿಲ್ಲದ ಹೊಸ ದ್ರಾಕ್ಷಿ ತಳಿ ಮಾಡುವ ಕೆಲಸಕ್ಕೆ ನಾನು ಸೇರಿದ್ದೂ ಅದೇ ವರ್ಷ. ಓದಿದ್ದೆ, ಕೈ ಪಳಗಿರಲಿಲ್ಲ. ಸಾಸಿವೆಗಿಂತ ಒಂದಿಷ್ಟು ದೊಡ್ಡ ಮೊಗ್ಗು. ಅದು ಅರಳುವ ಮೊದಲೇ ಚಿಮುಟದಿಂದ ಅದರ ಟೋಪಿಯಂಥ ಮುಚ್ಚಳ ತೆಗೆದು, ಗಂಡು ಕೇಸರ ಕಿತ್ತು, ಬಾಟಲಿಯಲ್ಲಿ ತೆಗೆದಿಟ್ಟ ಬೇರೆ ಬಳ್ಳಿಯ ಪರಾಗ ಸವರಿ, ಕಾಗದದ ಚೀಲ ಕಟ್ಟಬೇಕು. ಹತ್ತು ಮೊಗ್ಗಿನಲ್ಲಿ ಆರನ್ನು ನಾನು ಜಜ್ಜಿಹಾಕುತ್ತಿದ್ದೆ. ಎರಡು ದಿನ ಸುಮ್ಮನೆ ನೋಡಿದ ನೀವು, "ಇತ್ಲಾಗ್ ಕೊಡಿ ಮೇಡಂ, ಮಲ್ಲಿಗೆ ಕಟ್ಟೋ ಕೈ ಇದು" ಅಂದಿರಿ. ಅಲ್ಲಿಂದ ಆ ಕೆಲಸ ನಿಮ್ಮದೇ ಆಯಿತು. ಚೀಲ ಕಟ್ಟುವಾಗ ನೀವು ಉಸಿರು ಬಿಗಿಹಿಡಿಯುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರುವರ್ಷ ಆ ಕಾಯಿಗಳಿಂದ ಬೆಳೆಸಿದ ಸಸಿಗಳ ಎಲೆಯನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದಾಗ, ಹನ್ನೆರಡನೇ ಸಾಲಿನ ಸಸಿಗಳು ನಾವು ಬರೆದುಕೊಂಡ ಪರಾಗದಿಂದ ಹುಟ್ಟಿದವಲ್ಲ ಎಂದು ಗೊತ್ತಾಯಿತು. ನಮ್ಮ ಮುಖ್ಯಸ್ಥ ಸೋಮಶೇಖರ್ ಸರ್ ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ವಯಸ್ಸಾಯಿತು, ಕಣ್ಣು ಸರಿಯಾಗಿ ಕಾಣಿಸುವುದಿಲ್ಲವೇನೋ ಅಂತಲೂ ಸೇರಿಸಿದೆ. ನೀವು ಶೆಡ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಿರಿ: "ನೀವ್ ಕೊಟ್ಟ ಬಾಟ್ಲಿದೇ ಅಲ್ವಾ ಮೇಡಂ ನಾನು ಸವರಿದ್ದು?"

ಆ ಬಾಟಲಿ ಅಲ್ಲೇ ಫ್ರಿಜ್ಜಿನಲ್ಲಿತ್ತು. ನಾನು ತೆಗೆದು ನೋಡಲಿಲ್ಲ. ನೋಡಲು ಹೆದರಿದೆ. ಮಾರನೆಯ ದಿನದಿಂದ ನಿಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ.

ಆ ಸಾಲನ್ನು ಕೀಳಿಸಬೇಕಿತ್ತು, ಆಳು ಸಿಗದೆ ಉಳಿಯಿತು. ಈ ಬೇಸಿಗೆಯಲ್ಲಿ ಅದರಲ್ಲೊಂದು ಬಳ್ಳಿ ಮೈತುಂಬ ಕಾಯಿ ಬಿಟ್ಟಿತು. ಅಕಾಲ ಮಳೆಗೆ ಬೇರೆ ಸಾಲಿನ ಹಣ್ಣೆಲ್ಲ ಬಿರಿದವು, ಇದು ಬಿರಿಯಲಿಲ್ಲ. ಕಚ್ಚಿದರೆ ಗಟ್ಟಿ, ಸಿಹಿ, ಬೀಜವಿಲ್ಲ. ಇನ್ನೂ ಮೂರ್ನಾಲ್ಕು ವರ್ಷ ಬೆಳೆದು ನೋಡಬೇಕು, ಆದರೆ ಇಷ್ಟು ವರ್ಷದಲ್ಲಿ ಇಂಥ ಬಳ್ಳಿ ನಮಗೆ ಸಿಕ್ಕಿರಲಿಲ್ಲ. ದಾಖಲೆ ಬರೆಯಲೆಂದು ಆ ಹಳೆಯ ಬಾಟಲಿ ಹುಡುಕಿ ತೆಗೆದೆ. ಅದರ ಮೇಲೆ ಅಂಟಿಸಿದ್ದ ಚೀಟಿಯ ಅಂಚು ಎದ್ದಿತ್ತು. ಕಿತ್ತರೆ ಅಡಿಯಲ್ಲಿ ಇನ್ನೊಂದು ಚೀಟಿ, ಬೇರೆ ಬಳ್ಳಿಯ ನಂಬರು; ಪರೀಕ್ಷೆಯಲ್ಲಿ ಬಂದಿದ್ದೂ ಅದೇ ಬಳ್ಳಿ. ಎರಡೂ ನನ್ನದೇ ಅಕ್ಷರ.

ಸರ್‌ಗೆ ತೋರಿಸಿದೆ. ಒಳ್ಳೆಯದೇ ಆಯಿತಲ್ಲ, ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದರು. ಆದರೂ ತಪ್ಪು ನನ್ನದೆಂದು ಬರೆದುಕೊಟ್ಟೆ. ಆಮೇಲೆ ಒಂದು ಗೊಂಚಲು ಹಿಡಿದು ನಿಮ್ಮಲ್ಲಿಗೆ ಬಂದೆ.

ನೀವು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ನಕ್ಕಿರಿ. ನಾನು ಮಾತು ತೆಗೆಯುವ ಮೊದಲೇ ನನ್ನ ಕೈ ಹಿಡಿದುಕೊಂಡಿರಿ. "ಅವತ್ತು ನನ್ ಕಣ್ಣೇ ಮೋಸ ಮಾಡ್ಬುಡ್ತು ಕಣವ್ವ. ಆಮೇಲಿಂದ ಅಕ್ಕೀಲಿ ಕಲ್ಲು ಆರ್ಸಕ್ಕೂ ಧೈರ್ಯ ಬರಲ್ಲ. ಹೂ ಕಟ್ಟೋದೂ ಬುಟ್ಬುಟ್ಟೆ."

ನಿಮ್ಮ ಕೆಲಸ ಕಳೆದೆ ಎಂಬುದಷ್ಟೇ ನನಗೆ ಗೊತ್ತಿತ್ತು ಅಕ್ಕ. ನಿಮ್ಮ ಕೈ ಮೇಲೆ ನಿಮಗಿದ್ದ ನಂಬಿಕೆಯನ್ನೂ ಕಳೆದಿದ್ದೇನೆ ಎಂದು ತಿಳಿದಾಗ ಮಜ್ಜಿಗೆ ಕುಡಿದು ಎದ್ದುಬಿಟ್ಟೆ.

ಆ ಬಳ್ಳಿ ಹುಟ್ಟಿದ್ದು ನಿಮ್ಮ ಕೈಯಲ್ಲಿ. ದಾಖಲೆಯಲ್ಲಿ ನಿಮ್ಮ ಹೆಸರು ಹಾಕಿದ್ದೇನೆ. ಕಾರ್ತಿಕದ ಹೊತ್ತಿಗೆ ಮತ್ತೆ ಹೂ ಬರುತ್ತದೆ. ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳಿಗೆ ಕಲಿಸುವವರಿಲ್ಲ. ನೀವು ಬಂದರೆ ಸಾಕೆಂದು ಸರ್ ಕೂಡ ಒಪ್ಪಿದ್ದಾರೆ. ಬರಲು ಮನಸ್ಸಾಗದಿದ್ದರೆ ಅದೂ ನ್ಯಾಯವೇ.

ಮಧುಶ್ರೀ, ಇನ್ನೊಂದೇ ಮಾತಿದೆ. ಇದನ್ನು ಮನೆಯವರಿಗೆಲ್ಲ, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಮ್ಮ: ನಿಮ್ಮಜ್ಜಿಯ ಕಣ್ಣು ತಪ್ಪಲಿಲ್ಲ. ತಪ್ಪು ಚೀಟಿ ಅಂಟಿಸಿದವಳು ನಾನು.

ಆ ದೇವರು ನಂಜುಂಡಪ್ಪ ನಿಮ್ಮ ಕಣ್ಣು, ಕೈ ಎರಡನ್ನೂ ತಣ್ಣಗಿಟ್ಟಿರಲಿ ಅಕ್ಕ.

ನಿಮ್ಮ ಕೈಯಲ್ಲಿ ಕೆಲಸ ಕಲಿತ,
ನಯನ