ಕಾಳವ್ವ ಟಿವಿ ಆರಿಸಿದಳು

೧೮ ಮೇ ೨೦೦೫, ಬುಧವಾರ. ಇಳಕಲ್ಲು

ಇವರ ಮಾತೇ ಖರೆಯಾಯಿತೆಂದು ಕಮತಗಿಯಲ್ಲಿ ನಾನೂ ನಂಬಿಬಿಟ್ಟಿದ್ದೆ. ಅಕ್ಷತೆ ಬಿದ್ದ ಮೇಲೆ ಮದುವೆ ಸಿಡಿಯನ್ನು ಯಾರೂ ನೋಡುವುದಿಲ್ಲ, ಮುಂದಿನದನ್ನು ಕತ್ತರಿಸು ಎಂಬುದು ನಾವು ಗಂಡ-ಹೆಂಡತಿ ನಡೆಸುವ ವಿಡಿಯೋ ಸ್ಟುಡಿಯೋದಲ್ಲಿ ಇವರ ನಿತ್ಯದ ವರಾತ. ಮಗಳನ್ನು ಒಪ್ಪಿಸಿಕೊಡುವುದನ್ನಂತೂ ನೋಡಿಯೇ ನೋಡುತ್ತಾರೆಂದು ಹಟ ಹಿಡಿದು ನಾನು ಪೂರ್ತಿ ಉಳಿಸಿದ್ದೆ.

ಕಮತಗಿಗೆ ಸಿಡಿ ಕೊಡಲು ಹೋದಾಗ ಮದುಮಗಳ ತಾಯಿ ಕಾಳವ್ವನ ಮನೆಯವರೆಲ್ಲ ಟಿವಿ ಮುಂದೆ ಕೂತರು. ಅಕ್ಷತೆ ಮುಗಿಯಿತು. ಊಟದ ಪಂಕ್ತಿಯಲ್ಲಿ ತಮ್ಮ ತಮ್ಮ ಮುಖ ಹುಡುಕಿ ನಕ್ಕರು. ಆಮೇಲೆ ಕಾಳವ್ವ ಮಗಳ ಕೈಯನ್ನು ಬೀಗತಿಯ ಕೈಯಲ್ಲಿಡುವುದು ಬಂತು. ಕಾಳವ್ವ ತಟ್ಟನೆ ಎದ್ದು ಟಿವಿ ಆರಿಸಿದಳು.

"ನೋಡಿದೇನ? ಬ್ಯಾಸರಾತು ಅವ್ರಿಗೆ," ಎಂದು ಇವರು ಪಿಸುಗುಟ್ಟಿದರು.

ಚಪ್ಪಲಿ ಮೆಟ್ಟುವಾಗ ಕಾಳವ್ವ ಹೊಸ್ತಿಲಿಗೆ ಬಂದಳು. "ತಂಗಿ, ಆ ಒಪ್ಪಿಸಿಕೊಡೂದನ್ನ ಸಿಡಿಯಿಂದ ತಗೀಬ್ಯಾಡವಾ. ಈಗ ನೋಡಾಕ ಆಗೂದಿಲ್ಲ. ಆಕಿ ಒಮ್ಮೆ ನಕ್ಕೋಂತ ತವರಿಗೆ ಬರ್ಲಿ, ಇಬ್ರೂ ಕೂಡಿ ನೋಡ್ತೇವಿ."

ಬಸ್ಸಿನಲ್ಲಿ ಇವರು ಕೇಳಿದರು, "ನಮ್ಮ ಮದುವಿ ಕ್ಯಾಸೆಟ್ ನಿಮ್ಮವ್ವ ಪೂರ್ತಿ ನೋಡ್ಯಾಳೇನು?"

"ಭಾಳ ಸಲ ನೋಡ್ಯಾಳ್ರಿ" ಎಂದೆ.

ಈಗ ನೆನಪಾಗುತ್ತಿದೆ. ನನ್ನನ್ನು ಒಪ್ಪಿಸಿಕೊಡುವುದು ಬಂದಾಗಲೆಲ್ಲ ಅವ್ವ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗುತ್ತಿದ್ದಳು. ಒಲೆಯ ಮೇಲೆ ಹಾಲು ಇರುತ್ತಲೇ ಇರಲಿಲ್ಲ.