ಬೋರ್ಡಿಲ್ಲದ ಮನೆ

೧೪ನೇ ತಾರೀಖು, ಭಾನುವಾರ

ನನ್ನ ಮುದ್ದಿನ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಹೇಗಿದ್ದೀಯ? ಪುಟ್ಟಿಯ ಕೆಮ್ಮು ಹೋಯಿತೇ? ಗುಂಡ ಈಗಲೂ ಊಟದ ತಟ್ಟೆಯ ಮುಂದೆ ತೂಕಡಿಸುತ್ತಾನೋ, ಇಲ್ಲ ದೊಡ್ಡ ಮನುಷ್ಯನಾಗಿಬಿಟ್ಟನೋ? ನಿನ್ನ ಸೊಂಟಕ್ಕೆ ಶಾಖ ಕೊಟ್ಟುಕೊಳ್ಳುವುದನ್ನು ನೀನು ಬಿಟ್ಟಿರುತ್ತೀಯ, ನನಗೆ ಗೊತ್ತಿಲ್ಲವೇ. ಕಾಗದ ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ನಿನಗೆ ಕಾಗದ ಬರೆಯುವ ದಾರಿಯೇ ಮುಚ್ಚಿಹೋಗುವುದರಲ್ಲಿತ್ತು. ಆ ಕಥೆ ಹೇಳಲೆಂದೇ ಕೂತಿದ್ದೇನೆ. ಅಂಗಡಿಯ ಪೊಟ್ಟಣ ಬಿಚ್ಚಿ, ಆ ಕಾಗದ ಓದಿ ಓದಿ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ಪುಟ್ಟಿಯ ಕೈಲಿ ತಿದ್ದಿಸು, ಇಬ್ಬರೂ ಸೇರಿ ನಗಬೇಡಿ.

ನೀನು ಮಕ್ಕಳನ್ನು ಕಟ್ಟಿಕೊಂಡು ಆ ಆಸರೆಮನೆ ಸೇರಿ, ಅಲ್ಲಿಂದ ಬೇರೆ ಊರಿಗೆ ಹೋದ ಮೇಲೆ, ನಾನು ಕಾಗದ ಬರೆದು ಆ ಮನೆ ನಡೆಸುವ ದೊಡ್ಡಕ್ಕನ ಕೈಗೆ ಕೊಟ್ಟು ಬರುತ್ತೇನೆ. ವಿಳಾಸ ಬರೆದು ಅಂಚೆಗೆ ಹಾಕುವುದು ಅವರ ಪಾಲಿನದು. ನೀನೆಲ್ಲಿದ್ದೀಯೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಹೋದವಳು ಸುಮ್ಮನೆ ಬರುವುದೂ ಇಲ್ಲ. ತರಕಾರಿ ಹೆಚ್ಚುತ್ತೇನೆ, ಯಾವುದಾದರೂ ಕೂಸಿನ ಮೂಗು ಒರೆಸುತ್ತೇನೆ, ಬೈಸಿಕೊಳ್ಳುತ್ತೇನೆ.

ಹೀಗಿರುವಾಗ ನಗರಸಭೆಯವರು ಆ ಮನೆಗೆ ಕೊಡುವ ಅನುದಾನ ನಿಲ್ಲಿಸುತ್ತಾರೆ ಎಂದು ಸುದ್ದಿ ಬಂತು. ಅನುದಾನ ನಿಂತರೆ ಮನೆಗೆ ಬಾಡಿಗೆ ಇಲ್ಲ, ದೊಡ್ಡಕ್ಕ ಇಲ್ಲ, ನಮ್ಮ ಕಾಗದಗಳೂ ಇಲ್ಲ. ಕಾರಣ ಕೇಳಿದರೆ ನಗುತ್ತೀಯೋ ಅಳುತ್ತೀಯೋ ಕಾಣೆ. ನಗರಸಭೆಯ ಒಬ್ಬ ಸದಸ್ಯರು, ಔಷಧಿ ಅಂಗಡಿ ಇಟ್ಟಿದ್ದಾರಲ್ಲ ಅವರು, ಒಂದು ಮಧ್ಯಾಹ್ನ ಹೇಳದೆ ಕೇಳದೆ ತನಿಖೆಗೆ ಬಂದು, ಗೇಟಿನಲ್ಲಿ ನಿಂತು "ಯಾರ್ರೀ ಒಳಗೆ?" ಎಂದು ಗಟ್ಟಿಯಾಗಿ ಕೂಗಿದ್ದಾರೆ. ಗಂಡಸಿನ ದನಿ ಕೇಳಿದರೆ ಅಲ್ಲಿಯವರು ಏನು ಮಾಡುತ್ತಾರೆಂದು ನಿನಗೆ ನಾನು ಹೇಳಬೇಕೇ? ಒಲೆ ಆರಿತು, ನಲ್ಲಿ ನಿಂತಿತು, ತಾಯಂದಿರು ಮಕ್ಕಳು ಎಲ್ಲ ಹಿಂದಿನ ಕೋಣೆ ಸೇರಿದರು. ಕೈಕೂಸು ಕೂಡ ಕಿಮಕ್ ಎನ್ನಲಿಲ್ಲವಂತೆ. ದೊಡ್ಡಕ್ಕ ಯಾರನ್ನೋ ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದರು. ಸದಸ್ಯರು ನೋಡಿದರೆ ಬೋರ್ಡಿಲ್ಲ, ಬಾಗಿಲು ಮುಚ್ಚಿದೆ, ಒಂದು ನರಪಿಳ್ಳೆ ಇಲ್ಲ. ಇದ್ದಿದ್ದನ್ನು ಇದ್ದಹಾಗೆ ಹೋಗಿ ಹೇಳಿದರು.

"ಅಡಗೋದನ್ನ ನಾನೇ ಚೆನ್ನಾಗಿ ಕಲಿಸ್ಬಿಟ್ಟೆ ಕಣಮ್ಮ. ದುಡ್ಡು ಕೊಡೋರಿಗೂ ಕಾಣದ ಹಾಗೆ ಅಡಗ್ಬಿಟ್ರು," ಎಂದು ದೊಡ್ಡಕ್ಕ ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಇದನ್ನು ತೀರ್ಮಾನಿಸುವ ನಗರಸಭೆಯ ಸಭೆಗೆ ನಾನೂ ಅವರ ಜೊತೆ ಹೋದೆ. ಆ ಮನೆಯ ಹೆಣ್ಣುಮಕ್ಕಳು ಮುಖ ತೋರಿಸುವ ಹಾಗಿಲ್ಲ. ದೊಡ್ಡಕ್ಕ ಎದ್ದು ಮಾತಾಡಿದರೆ, "ನಿಮ್ಮ ಸಂಬಳ ಅಲ್ಲಿಂದ ಬರುತ್ತೆ, ನೀವು ಜನ ಇದ್ದಾರೆ ಅಂತಾನೇ ಹೇಳ್ತೀರಿ," ಅಂದರು ಔಷಧಿ ಅಂಗಡಿಯವರು. ದೊಡ್ಡಕ್ಕನ ಮುಖ ಚಿಕ್ಕದಾಯಿತು. ನನಗೆ ಎಲ್ಲಿತ್ತೋ ಧೈರ್ಯ, ಎದ್ದು ನಿಂತೇಬಿಟ್ಟೆ. ನನ್ನ ಮೊಣಕಾಲಿನ ಕಟಕಟ ಸದ್ದು ಸಭೆಗೆಲ್ಲ ಕೇಳಿಸಿರಬೇಕು.

"ಅಜ್ಜಿ, ನೀವು ಆ ಮನೇಲಿ ಇದ್ದವರಾ?" ಅಧ್ಯಕ್ಷೆ ಕೇಳಿದರು.

"ಇಲ್ಲಮ್ಮ. ನನ್ನ ಸೊಸೆ ಇದ್ಲು, ಮೊಮ್ಮಕ್ಕಳಿದ್ರು."

"ಯಾರಿಗೆ ಹೆದರಿ ಬಂದಿದ್ರು?"

"ನನ್ನ ಮಗನಿಗೆ," ಅಂದೆ.

ಔಷಧಿ ಅಂಗಡಿಯವರು ದನಿ ತಗ್ಗಿಸಿ, "ನಾನು ಹೋದಾಗ ಒಬ್ರೂ ಇರ್ಲಿಲ್ವಲ್ಲ ಅಜ್ಜಿ," ಅಂದರು.

"ಇದ್ರು ಸ್ವಾಮಿ. ನಿಮ್ಮ ದನಿ ಕೇಳಿ ಅವಿತ್ಕೊಂಡಿದ್ರು. ನೀವು ಒಳ್ಳೆಯವರೇ ಇರ್ಬಹುದು. ಬಾಗಿಲು ತೆಗೆದು ಪರೀಕ್ಷೆ ಮಾಡಿ ನೋಡೋ ಧೈರ್ಯ ಅವರಿಗೆ ಎಲ್ಲಿಂದ ಬರ್ಬೇಕು?"

"ಹೋಗ್ಲಿ, ಒಂದು ಬೋರ್ಡಾದ್ರೂ ಹಾಕ್ಬಾರ್ದಾ?"

"ಹಾಕಿ ಸ್ವಾಮಿ, ದೊಡ್ಡದಾಗೇ ಹಾಕಿ. ನನ್ನ ಮಗನಿಗೆ ದಾರಿ ಹುಡುಕೋ ಕಷ್ಟ ತಪ್ಪುತ್ತೆ."

ಪಾಪ, ಔಷಧಿ ಅಂಗಡಿಯವರು ಕೆಟ್ಟವರಲ್ಲ. ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷೆ ಹೇಳಿದಾಗ ಮೊದಲು ಎತ್ತಿದವರು ಅವರೇ. ಅನುದಾನ ಉಳಿಯಿತು, ಬಾಗಿಲಿಗೊಂದು ಗಟ್ಟಿ ಬೀಗಕ್ಕೂ ಒಪ್ಪಿಗೆಯಾಯಿತು. ಹೊರಗೆ ಬಂದಮೇಲೆ ದೊಡ್ಡಕ್ಕ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಒಂದು ಚಪ್ಪಲಿ ಚರಂಡಿ ಸೇರಿತು. ಇಬ್ಬರೂ ಬಗ್ಗಿ ಅದನ್ನು ಎತ್ತುವಷ್ಟರಲ್ಲಿ ನಕ್ಕು ನಕ್ಕು ಸುಸ್ತಾದೆವು.

ನಿನ್ನ ಹತ್ತಿರ ಮುಚ್ಚಿಡುವುದೇನು. ಅಷ್ಟು ಜನರ ಎದುರು "ನನ್ನ ಮಗ" ಅನ್ನುವಾಗ, ಜ್ವರ ಬಂದರೆ ನನ್ನ ಬೆರಳು ಬಿಡದೆ ಮಲಗುತ್ತಿದ್ದ ಆ ಪುಟ್ಟ ಹುಡುಗ ಕಣ್ಣ ಮುಂದೆ ಬಂದ. ಹೆತ್ತ ಹೊಟ್ಟೆ ಇದು, ಏನು ಮಾಡಲಿ? ಆದರೂ ತಿರುಗಿ ಬಾ ಎಂದು ನಿನಗೆ ಯಾವತ್ತೂ ಬರೆಯುವುದಿಲ್ಲ. ನೀನಿರುವಲ್ಲಿ ಮಕ್ಕಳು ಗಲಾಟೆ ಮಾಡಿಕೊಂಡು ಉಣ್ಣುತ್ತಿದ್ದರೆ ನನಗೆ ಅಷ್ಟು ಸಾಕು.

ಪುಟ್ಟಿಗೊಂದು ಸ್ವೆಟರ್ ಹೆಣೆದು ಇದರ ಜೊತೆ ಕಳಿಸುತ್ತಿದ್ದೇನೆ. ಎಷ್ಟು ಬೆಳೆದಿದ್ದಾಳೋ ಏನೋ. ಇಲ್ಲಿ ಅವಳದೇ ವಯಸ್ಸಿನ ಒಬ್ಬಳನ್ನು ನಿಲ್ಲಿಸಿ ಅಳತೆ ಹಿಡಿದೆ. "ನಂಗೆ ಯಾವಾಗ ಹೆಣೀತೀಯ?" ಎಂದು ಈಗ ಅವಳು ನನ್ನ ಬೆನ್ನು ಬಿಡುತ್ತಿಲ್ಲ.

ಮೂವರೂ ತಣ್ಣಗಿರಿ. ನಿನ್ನ ಕೈಗೆ ಕೆಲಸ, ಕಣ್ಣಿಗೆ ನಿದ್ದೆ ಸದಾ ಇರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ದೊಡ್ಡಕ್ಕ ಬಿಡಲಿಲ್ಲ. ಸಭೆಯ ಸುದ್ದಿ ಅವನ ಕಿವಿಗೆ ಬಿತ್ತು. "ಊರ ಮುಂದೆ ನನ್ನ ಮಾನ ಕಳೆದೆಯಲ್ಲ," ಎಂದು ಬಂದ. ನನ್ನ ಮೇಲೆ ಅವನು ಯಾವತ್ತೂ ಕೈ ಎತ್ತಿದವನಲ್ಲ, ಎತ್ತಿದ. ಗಾಬರಿಯಾಗಬೇಡ, ತೋಳಿನ ಬಾವು ಇಳಿಯುತ್ತಿದೆ. ನಾನೀಗ ದೊಡ್ಡಕ್ಕನ ಆಸರೆಮನೆಯಲ್ಲೇ ಇದ್ದೇನೆ. ನಿನ್ನೆ ಬೀದಿಯಲ್ಲಿ ಯಾರೋ "ಅಮ್ಮಾ" ಎಂದು ಕೂಗಿದರು. ಯಾರ ಮಗನೋ ಏನೋ. ಓಗೊಡಲು ಬಾಯಿ ತೆರೆದವಳು ಹಾಗೇ ಉಸಿರು ಬಿಗಿಹಿಡಿದು ಕೂತೆ. ಬೇಗ ಕಾಗದ ಬರೆ, ಮಗಳೇ.