ಒಂದೇ ಜೊತೆ ಕೈಗವಸು

ಲೆಮ್ನೋಸ್ ದ್ವೀಪ, ಗ್ರೀಸ್,
ನವೆಂಬರ್ ೯

ಪ್ರೀತಿಯ ಅಪ್ಪನಿಗೆ,

ಈ ಕಾಗದ ಸೇರುವಾಗ ನಿನ್ನ ಹಡಗು ಯಾವ ಬಂದರಿನಲ್ಲಿರುತ್ತದೋ, ಎಲ್ಲಿದ್ದರೂ ಆರೋಗ್ಯವಾಗಿರು. ಬರೆಯಲು ತಡವಾಯಿತು, ಬೇಸರಿಸಬೇಡ. ಅಜ್ಜನನ್ನು ಮಣ್ಣು ಮಾಡಿದ ಸುದ್ದಿಯನ್ನು ಅಮ್ಮ ಫೋನಿನಲ್ಲೇ ಹೇಳಿದ್ದಾಳೆ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ. ಅದನ್ನು ಅವಳಿಗೆ ಹೇಳಬೇಕೋ ಬೇಡವೋ, ನೀನೇ ತಿಳಿಸಬೇಕು. ಫೋನಿನಲ್ಲಿ ಕೇಳೋಣವೆಂದರೆ ನಿನ್ನ ಕರೆ ಬಂದಾಗೆಲ್ಲ ಅವಳು ಪಕ್ಕದಲ್ಲೇ ಇರುತ್ತಾಳೆ.

ಅಜ್ಜನ ಸೊಂಟದ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಥೆಸಲೋನಿಕಿಯ ಆ ಆಸ್ಪತ್ರೆಯಲ್ಲಿ ಮಹಡಿಗೆಲ್ಲ ಇಬ್ಬರೇ ನರ್ಸುಗಳು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಬರಿದು ಮಾಡುವುದು ಎಲ್ಲ ಮನೆಯವರದೇ ಕೆಲಸ. ಶಾಲೆಯನ್ನೂ ಬಿಟ್ಟು, ಬೇಕರಿಯ ಕೆಲಸವನ್ನೂ ಬಿಟ್ಟು ಅಲೆಯುತ್ತಿದ್ದವಳು ನಾನೇ ಆದ್ದರಿಂದ ಅಮ್ಮನ ಜೊತೆ ಹೋದೆ.

ಪಕ್ಕದ ಮಂಚದಲ್ಲಿ ಪಂಡೆಲಿಸ್ ಎಂಬ ಮುದುಕನಿದ್ದ. ಹಿಂದೆ ಸಮುದ್ರದಲ್ಲಿ ಮುಳುಗಿ ಸ್ಪಂಜು ತೆಗೆಯುತ್ತಿದ್ದವನು. ನೋಡಿಕೊಳ್ಳಲು ಯಾರೂ ಇಲ್ಲ. ಅಮ್ಮನ ಸ್ವಭಾವ ನಿನಗೆ ಗೊತ್ತಲ್ಲ. ಬೆಳಿಗ್ಗೆ ಕೈಗವಸು ಹಾಕಿಕೊಂಡು ಮೊದಲು ಅವನ ಚೀಲ ಬರಿದು ಮಾಡುವಳು, ಆಮೇಲೆ ಅಜ್ಜನದು.

“ನೀನು ಒಂದು ನಲವತ್ತೈದು ವರ್ಷ ಮುಂಚೆ ಸಿಕ್ಕಿದ್ರೆ ನಾನು ಸಮುದ್ರಕ್ಕೇ ಇಳೀತಿರಲಿಲ್ಲ ಕಣಮ್ಮ,” ಎಂದ ಪಂಡೆಲಿಸ್ ಒಮ್ಮೆ ಅಮ್ಮನಿಗೆ.

“ಆಗ ಅವಳಿಗೆ ಹಲ್ಲು ಬಂದಿರಲಿಲ್ಲ, ಈಗ ನಿನಗೆ ಉಳಿದಿಲ್ಲ. ಬಾಯಿ ಮುಚ್ಕೊಂಡು ಸೂಪು ಕುಡಿ,” ಎಂದು ಅಜ್ಜ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಮೊದಲು ಪಂಡೆಲಿಸನಿಗೆ ಜ್ವರ ಬಂತು, ನಂತರ ಅಜ್ಜನಿಗೆ ನಡುಕ ಹಿಡಿಯಿತು. ಸೋಂಕಿನ ಮೂಲ ಹುಡುಕುವ ಸಿಸ್ಟರ್ ವೆನೆತಿಯಾ ಬಂದು ಇಬ್ಬರ ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಅಮ್ಮ ಅಜ್ಜನ ಬಳಿ ಇದ್ದಳು. ಸಿಸ್ಟರ್ ನನ್ನೊಬ್ಬಳನ್ನೇ ಹೊರಗೆ ಕರೆದರು.

“ಇಬ್ಬರಲ್ಲೂ ಒಂದೇ ರೋಗಾಣು. ಪಂಡೆಲಿಸ್ ಬರುವಾಗಲೇ ತಂದಿದ್ದ. ಕರುಳಲ್ಲಿದ್ರೆ ಅದು ತನ್ನ ಪಾಡಿಗೆ ಇರುತ್ತೆ, ಮೂತ್ರದ ಚೀಲದ ಕೊಳವೆ ಸೇರಿದ್ರೆ ಮೈಯೊಳಗೆ ಏರುತ್ತೆ. ಆದ್ರೆ ಮಂಚದಿಂದ ಮಂಚಕ್ಕೆ ಹೋಗೋಕೆ ಅದಕ್ಕೆ ಯಾರದಾದ್ರೂ ಕೈ ಬೇಕು, ಮಗಾ.”

“ಅಮ್ಮ ಕೈಗವಸು ಹಾಕ್ಕೊಂಡೇ ಮಾಡ್ತಿದ್ಲು.”

“ನಡುವೆ ಬದಲಾಯಿಸ್ತಿದ್ರಾ?”

“ಇಲ್ಲ.”

“ಕೈಗವಸು ಹಾಕ್ಕೊಂಡವರ ಕೈ ಕಾಯುತ್ತೆ. ಪಕ್ಕದ ಮಂಚದವರನ್ನಲ್ಲ.”

“ಹಾಗಾದ್ರೆ ಅಮ್ಮನಿಂದಲೇ ಅಂತೀರಾ?”

ಅವರು ಹೇಳಿದರು: “ಖಂಡಿತ ಅನ್ನೋಕಾಗಲ್ಲ. ಬೇರೆ ದಾರಿಯೂ ನನಗೆ ಕಾಣ್ತಿಲ್ಲ. ಆದ್ರೆ ಅವರಿಗೆ ಇದನ್ನ ಮೊದಲೇ ಹೇಳಿಕೊಡಬೇಕಾದವರು ನಾವು. ಹೇಳೋಕೆ ಇಲ್ಲಿ ಜನ ಎಲ್ಲಿದಾರೆ?”

ಪಂಡೆಲಿಸ್ ಗುಣವಾಗಿ ಮನೆಗೆ ಹೋದ. ಅಜ್ಜನಿಗೆ ಅದೇ ಔಷಧಿ ನಾಟಲಿಲ್ಲ. ರೋಗಾಣು ರಕ್ತಕ್ಕೆ ಇಳಿದಿತ್ತು. ಒಂಬತ್ತನೆಯ ದಿನದ ಪೂಜೆಗೆ, ಅಜ್ಜನ ಹೆಸರಲ್ಲಿ ಹಂಚಲು ಗೋಧಿ ಬೇಯಿಸುತ್ತ ಅಮ್ಮ ನೆರೆಯವರಿಗೆ, “ಆ ದಿಕ್ಕಿಲ್ಲದವನನ್ನ ನೋಡ್ಕೊಂಡ ಪುಣ್ಯ ನಮ್ಮಪ್ಪನ ಆತ್ಮಕ್ಕೆ ಸೇರಲಿ,” ಎಂದಳು. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಹೊರಗೆ ಹೋಗಿ ದೋಣಿಕಟ್ಟೆಯವರೆಗೂ ನಡೆದು ಬಂದೆ.

ಹೇಳಿದರೆ ಅವಳು ಇನ್ನೊಬ್ಬರ ಮಂಚದ ಹತ್ತಿರ ಎಂದೂ ಹೋಗಲಾರಳು. ಹೇಳದಿದ್ದರೆ ನಾಳೆ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಕೈಗವಸಿನಲ್ಲಿ ಅದೇ ಉಪಕಾರ ಮಾಡುತ್ತಾಳೆ. ನೀನು ಹೇಳಿದಂತೆ ಮಾಡುತ್ತೇನೆ.

ಸಂತ ನಿಕೊಲಾವೋಸ್ ನಿನ್ನ ಹಡಗನ್ನು ಕಾಯಲಿ. ದಡದಲ್ಲಿ ಕಾಯುವ ನಮ್ಮನ್ನೂ.

ನಿನ್ನ ಮಗಳು,
ಮಿರ್ಸೀನಿ

ಮರೆತ ಮಾತು: ಅಜ್ಜನಿಗೆ ಅದು ಎಲ್ಲಿಂದ ಅಂಟಿತೆಂದು ಅಮ್ಮ ಪಾದ್ರಿಯನ್ನು ಕೇಳಿದಳು, ಔಷಧಿ ಅಂಗಡಿಯವನನ್ನು ಕೇಳಿದಳು, ಗೋಧಿ ತಿನ್ನಲು ಬಂದ ಪ್ರತಿಯೊಬ್ಬರನ್ನೂ ಕೇಳಿದಳು. ನನ್ನನ್ನು ಮಾತ್ರ ಕೇಳಿಲ್ಲ. ನಾನು ಅಡುಗೆಮನೆಗೆ ಕಾಲಿಟ್ಟರೆ ಎದ್ದು ಹೋಗುತ್ತಾಳೆ. ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲವೆಂದು ಅವಳಿಗೆ ಗೊತ್ತು, ಅಪ್ಪ.